ಉಪ್ಪಿನ ಹರಕೆ

ಕೊಪ್ಪರಿಗೆಯ ಮೇಲೆ ಚಾಚಿದ ಕೀರ್ತಿಕುಮಾರನ ಕೈ ನಡುಗಿತು. ಹಿಡಿಯಲ್ಲಿದ್ದ ಕಲ್ಲುಪ್ಪಿನಲ್ಲಿ ಅರ್ಧ ಹುಳಿಗೆ ಬಿತ್ತು, ಇನ್ನರ್ಧ ಕೆಳಗಿನ ಒಲೆಗೆ ಬಿದ್ದು ಚಟಚಟ ಸಿಡಿಯಿತು.

ಪಕ್ಕದಲ್ಲಿ ಈಳಿಗೆಮಣೆಯ ಮೇಲೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದ ಅವನ ತಾಯಿ ಚನ್ನಬಸಮ್ಮ ತಲೆ ಎತ್ತಿ ನೋಡಿದಳು. ಪಾತ್ರೆ ತೊಳೆಯುತ್ತಿದ್ದ ಚೋಮಿಗೆ ನಗು ಬಂತು.

"ಇದೇನ್ ಕೀರ್ತಣ್ಣ, ನಿಮಗೆ ನೀವೇ ದೃಷ್ಟಿ ತೆಕ್ಕೊಂಡ್ರಾ?"

ಕೀರ್ತಿಕುಮಾರನೂ ನಕ್ಕ. ಆದರೆ ತಡೆದು ನಕ್ಕ. ಚೋಮಿ ಒಂದು ಅಂದರೆ ತಾನು ಎರಡು ಅನ್ನದೆ ಬಿಡುವ ಗಂಡಸಲ್ಲ ಅವನು. ಇವತ್ತು ಹೆಗಲ ಮೇಲಿನ ಟವೆಲ್ಲಿಗೆ ಕೈ ಒರೆಸಿಕೊಂಡು, ಆ ಕೈಯನ್ನೇ ಒಂದು ಗಳಿಗೆ ನೋಡಿಕೊಂಡು, ಮತ್ತೆ ಸೌಟು ಹಿಡಿದ.

ಸುಂಟಿಕೊಪ್ಪದಲ್ಲಿ ಒಬ್ಬರ ಗೃಹಪ್ರವೇಶದ ಅಡುಗೆ ಅದು. ಹೂಮಳೆ ಬಿದ್ದು ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿದ್ದವು. ಹಿತ್ತಲಿನ ಬೇಲಿಯಾಚೆಯಿಂದ ಬರುವ ಆ ಹೂವಿನ ವಾಸನೆ ಎಷ್ಟು ದಟ್ಟವಾಗಿತ್ತೆಂದರೆ ಒಗ್ಗರಣೆಯ ಘಾಟನ್ನೂ ತಳ್ಳಿಕೊಂಡು ಬರುತ್ತಿತ್ತು. ಬಿಸಿಲು ಆಗಲೇ ಏರಿತ್ತು. ಒಲೆಯ ಮುಂದೆ ನಿಂತವನ ಬನಿಯನ್ ಬೆನ್ನಿಗೆ ಅಂಟಿಕೊಂಡಿತ್ತು.

ಶನಿವಾರಸಂತೆಯಿಂದ ಕುಶಾಲನಗರದವರೆಗೆ ಕೀರ್ತಿಕುಮಾರನ ಕೈರುಚಿಗೆ ಒಂದು ಹೆಸರಿತ್ತು. ಅವನ ಅಪ್ಪನಿಂದ ಬಂದ ಕೆಲಸ ಅದು, ಅಪ್ಪನಿಂದಲೇ ಬಂದ ಕಟ್ಟುಪಾಡು ಕೂಡ. ಜಂಗಮರಿಗೆ ಮೊದಲು ಬಡಿಸುವ ಅಡುಗೆ. ಬೇಯಿಸುವವನು ಅದನ್ನು ಬಾಯಿಗೆ ಹಾಕಿ ನೋಡಿದರೆ ಎಂಜಲಾಗುತ್ತದೆ. ಹಾಗಾಗಿ ಉಪ್ಪು ಸರಿಯಾಯಿತೋ ಇಲ್ಲವೋ ಎಂಬುದನ್ನು ಆವಿಯನ್ನು ಮೂಸಿಯೇ ತಿಳಿಯಬೇಕು. ಉಪ್ಪು ಸಾಲದ ಹುಳಿಯ ಆವಿ ಮೂಗಿನಲ್ಲೇ ನಿಲ್ಲುತ್ತದೆ, ಸರಿಯಾದದ್ದರ ಆವಿ ಗಂಟಲಿಗೆ ಇಳಿಯುತ್ತದೆ ಎಂದು ಅಪ್ಪ ಮಗನಿಗೆ ಕಲಿಸಿಕೊಟ್ಟು ಹೋಗಿದ್ದ. ಮಗ ಆ ಪಾಠದಲ್ಲಿ ತಪ್ಪಿದವನಲ್ಲ.

ಅವತ್ತು ಕೀರ್ತಿಕುಮಾರ ಬಗ್ಗಿ ಮೂಸಿದ. ಮತ್ತೆ ಮೂಸಿದ. ಆಮೇಲೆ ತಾಯಿಯನ್ನು ಕರೆದ.

"ಅವ್ವ, ಒಸಿ ಬಾ ಇಲ್ಲಿ. ನಂಗೆ ಗೊತ್ತಾಗ್ತಿಲ್ಲ."

ಚನ್ನಬಸಮ್ಮ ಎದ್ದು ಬಂದು ಬಗ್ಗಿದಳು. ಅವಳ ಮೂಗಿಗೆ ಬಂದದ್ದು ಕಾಫಿ ಹೂವಿನ ವಾಸನೆಯೊಂದೇ. ಅಂದಾಜಿನ ಮೇಲೆ ತಾನೇ ಇನ್ನೊಂದು ಹಿಡಿ ಹಾಕಿದಳು. ಮಧ್ಯಾಹ್ನ ಪಂಕ್ತಿಯಲ್ಲಿ ಯಾರೋ ಹುಳಿ ಸಪ್ಪೆ ಎಂದರಂತೆ, ಮನೆಯವರು ಮುಜುಗರದಿಂದ ಉಪ್ಪಿನ ಬಟ್ಟಲು ತಿರುಗಿಸಿದರಂತೆ. ಚೋಮಿ ಬಂದು ಹೇಳಿದಾಗ ಕೀರ್ತಿಕುಮಾರ ಹಿತ್ತಲಿನ ಹಲಸಿನ ಮರಕ್ಕೆ ಒರಗಿ ಕೂತಿದ್ದ.

ಚನ್ನಬಸಮ್ಮನ ಎದೆಯಲ್ಲಿ ಹಳೆಯ ಭಯವೊಂದು ಎದ್ದು ಕೂತದ್ದು ಆಗಲೇ.

ಎರಡು ವರ್ಷದ ಹಿಂದೆ ಮಗ ಹೀಗೆ ಮರಕ್ಕೆ ಒರಗುವವನಾಗಿರಲಿಲ್ಲ. ಆಗ ಅವನಿಗೆ ನಿದ್ದೆಯೇ ಬೇಕಿರಲಿಲ್ಲ. ಒಂದೇ ಮುಹೂರ್ತಕ್ಕೆ ಮೂರು ಊರಿನಲ್ಲಿ ಅಡುಗೆ ಒಪ್ಪಿಕೊಂಡ. ಅಂಗಳದಲ್ಲಿ ಒಂದು ಲಾರಿ ಸೌದೆ ಇಳಿಸಿದ, ಒಬ್ಬ ಆಳು ಒಳಗೆ ಕೂರುವಂಥ ಕೊಪ್ಪರಿಗೆಗಳನ್ನು ಕೊಂಡು ತಂದ. ಸಂತೆಯಲ್ಲಿ ಕಂಡವರನ್ನೆಲ್ಲ ಊಟಕ್ಕೆ ಕರೆದುಬಿಟ್ಟ. ಅವರು ಬಂದೂ ಬಂದರು. ಉಂಡವರು ಹೊಗಳಿ ಹೋದರು. ಅಂಥ ಮಗನನ್ನು ಕಂಡು ಚನ್ನಬಸಮ್ಮನಿಗೂ ಮೊದಲು ಖುಷಿಯೇ ಆಗಿತ್ತು. ಆಮೇಲೆ ಅವನ ಕಣ್ಣು ನೋಡಿದಳು. ಒಳಗೆ ಯಾರೋ ದೀಪ ಹಚ್ಚಿ ಬತ್ತಿ ಎತ್ತರಿಸಿ ಬಿಟ್ಟು ಹೋದ ಹಾಗಿತ್ತು. ಆ ಕಣ್ಣನ್ನು ಅವಳು ಹಿಂದೆ ಒಬ್ಬನಲ್ಲಿ ಕಂಡಿದ್ದಳು.

ಅವನು ತವರಿನಲ್ಲಿ ಅವಳ ಬೆನ್ನಿಗೆ ಹುಟ್ಟಿದ ತಮ್ಮ ರೇವಣ್ಣ. ಅವನೂ ಹೀಗೇ ಏರಿದವನು. ಮನೆಯ ಗದ್ದೆ ಉತ್ತು ಸಾಲದೆ ಪಕ್ಕದವರ ಗದ್ದೆಯನ್ನೂ ಕೇಳದೆ ಉತ್ತುಬಿಟ್ಟಿದ್ದ. ಊರವರು ನಕ್ಕರು. ಆಮೇಲೆ ಇಳಿದ. ಅಟ್ಟದ ಮೂಲೆ ಹಿಡಿದವನು ಅನ್ನ ಕೊಟ್ಟರೆ ಉಂಡ, ಕೊಡದಿದ್ದರೆ ಇಲ್ಲ. ಗಾಳಿ ಸೋಕಿದೆ ಎಂದರು, ಮಾಟ ಎಂದರು, ಬೇವಿನ ಸೊಪ್ಪಿನಲ್ಲಿ ಹೊಡೆಸಿದರು. ಒಂದು ಬೆಳಿಗ್ಗೆ ಅವನಾಗಿಯೇ ಎದ್ದು, ಕೆರೆಯಲ್ಲಿ ಎತ್ತುಗಳ ಮೈ ತೊಳೆದು ಬರುತ್ತೇನೆ ಅಂದ. ಎದ್ದನಲ್ಲ ಎಂದು ಎಲ್ಲರಿಗೂ ಸಮಾಧಾನ. ಎತ್ತುಗಳಷ್ಟೇ ಮನೆಗೆ ಬಂದವು.

ಹಾಗಾಗಿ, ಕೀರ್ತಿಕುಮಾರ ಏರಿದ್ದು ಇಳಿದು, ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದಾಗ ಚನ್ನಬಸಮ್ಮ ಬಾಗಿಲ ಹೊಸ್ತಿಲಲ್ಲೇ ಚಾಪೆ ಹಾಕಿದಳು. ಸೊಸೆ ಶಾಂಭವಿ ಸುಂಟಿಕೊಪ್ಪದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವಳು; ಅವಳು ಯಾರನ್ನೂ ಕೇಳದೆ ಗಂಡನನ್ನು ಕರೆದುಕೊಂಡು ಹೋಗಿ ಮನಸ್ಸಿನ ಡಾಕ್ಟರಿಗೆ ತೋರಿಸಿ ಬಂದಳು. ಬಂದವಳು ಅತ್ತೆಯ ಪಕ್ಕ ಕೂತು ಬಿಡಿಸಿ ಹೇಳಿದಳು. ಇದಕ್ಕೆ ಬೈಪೋಲಾರ್ ಅನ್ನುತ್ತಾರೆ, ಮನಸ್ಸಿನ ಏರಿಳಿತದ ಕಾಯಿಲೆ, ಗಾಳಿಯೂ ಅಲ್ಲ, ಸೋಮಾರಿತನವೂ ಅಲ್ಲ. ಸಕ್ಕರೆ ಕಾಯಿಲೆಯವರು ಗುಳಿಗೆ ನುಂಗುವ ಹಾಗೆ ಇದಕ್ಕೂ ನುಂಗುತ್ತಿರಬೇಕು. ನೀರು ಚೆನ್ನಾಗಿ ಕುಡಿಯಬೇಕು, ಊಟ ದಿನವೂ ಒಂದೇ ಥರ ಇರಬೇಕು, ಉಪ್ಪು ಕೂಡ. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು.

ಚನ್ನಬಸಮ್ಮನಿಗೆ ಅದರಲ್ಲಿ ಕಿವಿಗೆ ಬಿದ್ದದ್ದು ಒಂದೇ: ಇದಕ್ಕೆ ಒಂದು ಹೆಸರಿದೆ. ರೇವಣ್ಣನಿಗೂ ಇದೇ ಇತ್ತೋ ಏನೋ, ಆ ಹೆಸರು ಆಗ ಯಾರಿಗೂ ಗೊತ್ತಿರಲಿಲ್ಲ.

ಗುಳಿಗೆ ಕೆಲಸ ಮಾಡಿತು. ನಿಧಾನಕ್ಕೆ ಮಗ ಗೋಡೆಯಿಂದ ಈ ಕಡೆ ಹೊರಳಿದ. ತೋಟದ ಕಡೆ ಒಂದು ಸುತ್ತು ಹೋಗಿ ಬಂದ. ಒಂದು ದಿನ ಒಲೆಯ ಮುಂದೆ ಕೂತು ತಾನೇ ಅಕ್ಕಿರೊಟ್ಟಿ ತಟ್ಟಿದ. ಈ ವರ್ಷ ಮತ್ತೆ ಅಡುಗೆಗೆ ಹೊರಟ. ಎಲ್ಲ ಸರಿಯಾಯಿತು ಅನ್ನುವಾಗಲೇ ಚನ್ನಬಸಮ್ಮನಿಗೆ ಹೆದರಿಕೆ ಹೆಚ್ಚಾದದ್ದು. ರೇವಣ್ಣ ಹೋದದ್ದೂ ಎದ್ದ ಮೇಲೇ ತಾನೆ. ಗುಳಿಗೆ ದೇಹ ಕಾಯುತ್ತದೆ ಸರಿ, ಹಣೆಬರಹ ಕಾಯುವವರು ಯಾರು ಎಂದುಕೊಂಡು, ಶಿವರಾತ್ರಿಯ ದಿನ ಮನೆದೇವರು ವೀರಭದ್ರನ ಮುಂದೆ ಹರಕೆ ಹೊತ್ತಳು. ಯುಗಾದಿಯವರೆಗೆ ಉಪ್ಪು ಬಾಯಿಗೆ ಹಾಕುವುದಿಲ್ಲ, ನನ್ನ ಮಗನನ್ನು ನನಗೇ ಉಳಿಸು.

ಉಪ್ಪಿನ ಹರಕೆಗೆ ಎರಡು ಕಟ್ಟಳೆಗಳಿದ್ದವು. ಯಾರ ಹೆಸರಿನಲ್ಲಿ ಹೊತ್ತದ್ದೋ ಅವರೂ ಜೊತೆಗೆ ನಡೆಸಬೇಕು. ತೀರುವ ತನಕ ಮೂರನೆಯವರ ಕಿವಿಗೆ ಬೀಳಬಾರದು. ಬಾಯಿಬಿಟ್ಟರೆ ಹರಕೆ ಯಾರ ಹೆಸರಿನಲ್ಲಿ ಹೊತ್ತದ್ದೋ ಅವರ ಮೇಲೇ ತಿರುಗುತ್ತದೆ. ಹಿಂಜರಿಯುತ್ತಲೇ ಮಗನಿಗೆ ಹೇಳಿದಳು. ಮಗ ಒಂದು ಮಾತು ಎದುರಾಡಲಿಲ್ಲ.

"ನೀನು ಸಪ್ಪೆ ಉಂಡ್ರೆ ನಂಗೆ ಉಪ್ಪು ಹೆಂಗವ್ವ ಒಳಕ್ಕೆ ಇಳೀತದೆ," ಅಂದ.

ಶಾಂಭವಿಗೆ ತಿಳಿಯದ ಹಾಗೆ ನಡೆಸುವುದೇನೂ ಕಷ್ಟವಾಗಲಿಲ್ಲ. ಮಗನಿಗೆ ಬಡಿಸುವ ಕೆಲಸವನ್ನು ಚನ್ನಬಸಮ್ಮ ಯಾವತ್ತೂ ಸೊಸೆಗೆ ಬಿಟ್ಟುಕೊಟ್ಟವಳಲ್ಲ. "ನಿಮ್ಮ ಮಗ ನಮ್ಮನೇಲಿ ಇನ್ನೂ ತೊಟ್ಟಿಲಲ್ಲೇ ಇದ್ದಾರೆ," ಎಂದು ಶಾಂಭವಿ ನಗುತ್ತಿದ್ದಳು, ಅಷ್ಟೆ. ಸಾರು ಕುದಿಯುವಾಗ ಎರಡು ಸೌಟು ಬೇರೆ ತೆಗೆದಿಟ್ಟು, ಮಿಕ್ಕದ್ದಕ್ಕೆ ಉಪ್ಪು ಹಾಕಿದರೆ ಮುಗಿಯಿತು. ಮುದ್ದೆಗೂ ಹಾಗೆಯೇ, ಮಜ್ಜಿಗೆಗೂ ಹಾಗೆಯೇ. ತಾಯಿ ಮಗ ಪಕ್ಕಪಕ್ಕ ಕೂತು ಸಪ್ಪೆ ಊಟ ಉಣ್ಣುವಾಗ ಒಬ್ಬರ ಮುಖ ಒಬ್ಬರು ನೋಡಿ ಕಳ್ಳನಗೆ ನಗುತ್ತಿದ್ದರು. ಚಿಕ್ಕಂದಿನಲ್ಲಿ ಅಪ್ಪನಿಗೆ ಗೊತ್ತಾಗದ ಹಾಗೆ ಬೆಲ್ಲ ತಿಂದ ಹಾಗೆ.

ಸುಂಟಿಕೊಪ್ಪದ ಅಡುಗೆ ಮುಗಿಸಿ ಬಂದ ಸಂಜೆ ಕೀರ್ತಿಕುಮಾರ ವಾಂತಿ ಮಾಡಿಕೊಂಡ. ಬಿಸಿಲು ಹೊಡೆದಿರಬೇಕು ಎಂದು ಶಾಂಭವಿ ನಿಂಬೆ ಪಾನಕ ಮಾಡಿಕೊಟ್ಟಳು. ಅದೂ ನಿಲ್ಲಲಿಲ್ಲ. ಬೆಳಿಗ್ಗೆ ಎದ್ದವನು ಕಾಲು ಅಗಲಿಸಿ, ದೋಣಿಯಲ್ಲಿ ನಿಂತವನ ಹಾಗೆ ನಡೆದ. ಅಂಗಳ ದಾಟಿ ರಸ್ತೆ ಬದಿಗೆ ಹೋದವನನ್ನು ಪಕ್ಕದ ಎಸ್ಟೇಟಿನ ಪೊನ್ನಪ್ಪ ಜೀಪು ನಿಲ್ಲಿಸಿ ನೋಡಿದರಂತೆ. "ಏನಯ್ಯಾ ಕೀರ್ತಿ, ಸೂರ್ಯ ಏಳೋ ಮೊದಲೇ ಹಾಕ್ಕೊಂಡಿದ್ದೀಯಾ? ಒಬ್ಬನೇ ಹಾಕ್ಕೊಂಡ್ಯಲ್ಲ, ಅದೇ ಬೇಜಾರು," ಎಂದು ಛೇಡಿಸಿದರಂತೆ. ಕೀರ್ತಿಕುಮಾರ ಉತ್ತರ ಕೊಡಲು ಹೋದರೆ ನಾಲಿಗೆ ದಪ್ಪಗಾಗಿ ಮಾತು ತೊದಲಿತು. ಪೊನ್ನಪ್ಪನವರ ನಗು ಅಲ್ಲಿಗೇ ನಿಂತಿತು. ಅವರೇ ಕೈಹಿಡಿದು ಮನೆವರೆಗೆ ತಂದು ಬಿಟ್ಟರು.

ಶಾಂಭವಿ ಅಂಗಡಿಗೆ ಫೋನು ಮಾಡಿ ರಜೆ ಹೇಳಲು ಹೊರಗೆ ಹೋದಾಗ ಚನ್ನಬಸಮ್ಮ ಮಗನ ಮಂಚದ ಮೇಲೆ ಕೂತಳು. ಗುಳಿಗೆಯ ಡಬ್ಬಿ ಅವಳ ಮಡಿಲಲ್ಲಿತ್ತು.

"ಇದು ನಿಂಗೆ ಆಗ್ತಿಲ್ಲ ಮಗಾ. ಕೈ ನಡುಗ್ತದೆ, ಕಾಲು ನಿಲ್ಲಲ್ಲ. ಬಿಟ್ಟುಬಿಡು ಇದ್ನ."

ಅವನು ಕಷ್ಟಪಟ್ಟು ಒಂದೊಂದೇ ಮಾತು ಆಡಿದ.

"ಅದು ಬಿಟ್ರೆ ಯಾವ ಕಡೆ ಹೋಗ್ತೀನೋ ನಂಗೇ ಗೊತ್ತಿಲ್ಲವ್ವ. ಮೇಲಕ್ಕೋ, ಕೆಳಕ್ಕೋ. ಗುಳಿಗೆನೂ ಇರ್ಲಿ. ನಿನ್ನ ಹರಕೆನೂ ಇರ್ಲಿ. ಎರಡೂ ಹಿಡ್ಕೊಂಡಿರ್ತೀನಿ."

ಡಬ್ಬಿಯನ್ನು ಅವಳು ಇದ್ದಲ್ಲಿಗೇ ಇಟ್ಟಳು. ಪೊನ್ನಪ್ಪ ಜೀಪು ತಿರುಗಿಸಿ ಅಂಗಳಕ್ಕೇ ತಂದರು.

ಆಸ್ಪತ್ರೆಯಲ್ಲಿ ಅವತ್ತು ಇದ್ದವರು ಅವನನ್ನು ಮೊದಲಿನಿಂದ ನೋಡುತ್ತಿದ್ದ ಡಾಕ್ಟರೇ, ಯಮುನ ಎಂದು ಹೆಸರು. ವಯಸ್ಸು ಹೆಚ್ಚಿಲ್ಲ, ಮಾತು ಮೆತ್ತಗೆ. ಕೀರ್ತಿಕುಮಾರನ ಎರಡೂ ಕೈ ಮುಂದಕ್ಕೆ ಚಾಚಿಸಿ ನೋಡಿದರು. ಗೆರೆಯ ಮೇಲೆ ನಡೆಯುವ ಹಾಗೆ ನಡೆಸಿದರು. ಅವನು ಎರಡನೆಯ ಹೆಜ್ಜೆಗೇ ಗೋಡೆ ಹಿಡಿದ. ಆಗ ಅವರ ಮುಖ ಬದಲಾಯಿತು. ರಕ್ತ ತೆಗೆಯಲು ನರ್ಸಿಗೆ ಹೇಳಿ, ಶಾಂಭವಿಯ ಕಡೆ ತಿರುಗಿ ಕೇಳತೊಡಗಿದರು. ಗುಳಿಗೆ ಹೆಚ್ಚಾಗಿ ನುಂಗಿದ್ದಾರಾ? ಇಲ್ಲ, ನಾನೇ ಎಣಿಸಿ ಕೊಡೋದು. ನೋವಿಗೆ ಅಂತ ಬೇರೆ ಗುಳಿಗೆ? ಇಲ್ಲ. ವಾಂತಿಗೆ ಮೊದಲು ಭೇದಿ ಏನಾದರೂ? ಇಲ್ಲ. ನೀರು? ಬಾಟಲಿ ಯಾವಾಗಲೂ ಜೊತೆಗೇ ಇರುತ್ತೆ ಮೇಡಂ.

"ಊಟದಲ್ಲಿ ಉಪ್ಪು ಕಡಿಮೆ ಮಾಡಿದ್ರಾ? ಬಿಪಿ, ಪಥ್ಯ, ಏನಾದ್ರೂ ಅಂತ?"

"ಇಲ್ಲ ಮೇಡಂ. ನೀವು ಹೇಳಿದ್ರಲ್ಲ. ಮನೇಲಿ ಅಡುಗೆ ಯಾವಾಗ್ಲೂ ಹೆಂಗೋ ಹಂಗೇ."

ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದ ಚನ್ನಬಸಮ್ಮನ ಕೈ ಸೆರಗಿನ ತುದಿಯಲ್ಲಿ ನಿಂತುಹೋಯಿತು.

ಡಾಕ್ಟರಮ್ಮ ಹಣೆ ಸುಕ್ಕಾಗಿಸಿ ಮೇಜಿನ ಮೇಲೆ ಬೆರಳು ಬಡಿಯುತ್ತಿದ್ದರು. ಹಾಗಾದರೆ ಮೂತ್ರಪಿಂಡದ ತೊಂದರೆಯೋ ಏನೋ, ಮೈಸೂರಿಗೆ ಕಳಿಸಬೇಕಾಗಬಹುದು, ಈ ಗುಳಿಗೆ ಇವರಿಗೆ ಇನ್ನು ಕೊಡಲಾಗದೇ ಹೋಗಬಹುದು ಎಂದು ಶಾಂಭವಿಗೆ ಹೇಳುತ್ತಿದ್ದರು. ಅವನನ್ನು ಗೋಡೆಯಿಂದ ಈ ಕಡೆ ಹೊರಳಿಸಿದ ಗುಳಿಗೆ.

ಚನ್ನಬಸಮ್ಮ ಮಗನ ಕಡೆ ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ. ಡಾಕ್ಟರು ಉಪ್ಪು ಎಂದದ್ದು ಅವನಿಗೂ ಕೇಳಿಸಿತ್ತು. ಆ ಕಣ್ಣು ನೋಡಿದರೇ ತಿಳಿಯುತ್ತಿತ್ತು. ಅವನು ತಲೆಯನ್ನು ಬಹಳ ಸಣ್ಣಗೆ ಅಲ್ಲಾಡಿಸಿದ. ಬ್ಯಾಡವ್ವ. ನಿನ್ನ ಹರಕೆ ಕೆಡಿಸ್ಕೋಬ್ಯಾಡ.

ಬಾಯಿಬಿಟ್ಟರೆ ಅವನ ಮೇಲೆ ತಿರುಗುತ್ತದೆ. ಬಿಡದಿದ್ದರೆ ಅವನು ಇಲ್ಲೇ, ಅವಳ ಕಣ್ಣೆದುರೇ ಕುಸಿಯುತ್ತಿದ್ದಾನೆ. ವೀರಭದ್ರನನ್ನು ನೆನೆಯಲು ಹೋದರೆ ಅವಳಿಗೆ ನೆನಪಾದದ್ದು ಕೆರೆಯಿಂದ ಮನೆಗೆ ಬಂದ ಎತ್ತುಗಳು. ಅವುಗಳ ಮೈ ಪೂರ್ತಿ ತೊಳೆದಿತ್ತು. ಹೋಗುವ ಮೊದಲು ರೇವಣ್ಣ ಕೆಲಸ ಮುಗಿಸಿಯೇ ಹೋಗಿದ್ದ, ಮನೆಯಲ್ಲಿ ಯಾರಿಗೂ ಒಂದು ಮಾತು ಹೇಳಿರಲಿಲ್ಲ.

ಅವಳು ಎದ್ದು ನಿಂತಳು.

"ಉಪ್ಪು ಬಿಟ್ಟಿದ್ದೀವಿ ತಾಯೀ," ಅಂದಳು. "ಶಿವರಾತ್ರಿಯಿಂದ. ನಾನೂ, ಅವನೂ. ಹರಕೆ. ಸೊಸೆಗೆ ಗೊತ್ತಿಲ್ಲ, ಅವಳ್ನ ಏನೂ ಅನ್ಬ್ಯಾಡಿ."

ಶಾಂಭವಿ ತಿರುಗಿ ನೋಡಿದಳು. ಕೀರ್ತಿಕುಮಾರ ಕಣ್ಣು ಮುಚ್ಚಿಕೊಂಡ.

ಬೈಗುಳಕ್ಕೆ ತಲೆ ಬಗ್ಗಿಸಿ ನಿಂತಿದ್ದ ಚನ್ನಬಸಮ್ಮನಿಗೆ ಕೇಳಿಸಿದ್ದು ಒಂದು ನಿಟ್ಟುಸಿರು. ಡಾಕ್ಟರಮ್ಮ ಕುರ್ಚಿಗೆ ಒರಗಿಕೊಂಡರು. ಆಮೇಲೆ ನರ್ಸನ್ನು ಮತ್ತೆ ಕರೆದು ಸಲೈನ್ ಬಾಟಲಿ ಏರಿಸಲು ಹೇಳಿದರು. ಗುಳಿಗೆ ಸದ್ಯಕ್ಕೆ ನಿಲ್ಲಲಿ, ರಕ್ತದ ಲೆಕ್ಕ ನೋಡಿಕೊಂಡು ಮತ್ತೆ ಸಣ್ಣದಾಗಿ ಶುರು ಮಾಡೋಣ ಎಂದರು. ಎಲ್ಲ ಹೇಳಿ ಮುಗಿಸಿದ ಮೇಲೆ ಚನ್ನಬಸಮ್ಮನನ್ನು ಹತ್ತಿರದ ಸ್ಟೂಲಿನ ಮೇಲೆ ಕೂರಿಸಿಕೊಂಡರು.

"ಅಮ್ಮ, ಈ ಗುಳಿಗೆನೂ ಒಂದು ಥರದ ಉಪ್ಪೇ. ಮಣ್ಣಲ್ಲಿ ಸಿಗೋದು. ಊಟದ ಉಪ್ಪು ಸಿಗದೆ ಇದ್ರೆ, ಬೆವರಿನಲ್ಲೂ ಹೋಗ್ತಾ ಇದ್ರೆ, ಮೈ ಇದನ್ನೇ ಹೊರಗೆ ಬಿಡದೆ ಹಿಡಿದಿಟ್ಕೊಳ್ಳುತ್ತೆ. ಜಾಸ್ತಿ ಆಗಿ ವಿಷ ಆಗುತ್ತೆ. ನೀವು ಹೇಳಿದ್ದು ಒಳ್ಳೇದಾಯ್ತು."

ಚನ್ನಬಸಮ್ಮ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.

"ಹೇಳಿಬಿಟ್ನಲ್ಲ ತಾಯಿ. ಹರಕೆ ಮುರೀತು. ಇನ್ನು ಮತ್ತೆ ಬರ್ತದಾ ಅವನಿಗೆ?"

ಯಮುನ ಸುಳ್ಳು ಹೇಳಲಿಲ್ಲ. ಬರಬಹುದು ಎಂದರು. ಗುಳಿಗೆ ನುಂಗುತ್ತಿದ್ದರೂ ಒಮ್ಮೊಮ್ಮೆ ಬರುವುದುಂಟು. ಬಂದರೆ ನೀವು ಬಾಯಿಬಿಟ್ಟದ್ದಕ್ಕೆ ಬಂದದ್ದಲ್ಲ, ಕಾಯಿಲೆಯ ಸ್ವಭಾವ ಹಾಗೆ. ಅವನಿಗೆ ನಿದ್ದೆ ಕಡಿಮೆಯಾದರೆ, ಮಾತು ಜಾಸ್ತಿಯಾದರೆ, ಇಲ್ಲ ಸುಮ್ಮನೆ ಗೋಡೆ ನೋಡತೊಡಗಿದರೆ ಮೊದಲು ಕಾಣುವುದು ನಿಮಗೇ. ಕಂಡದ್ದನ್ನು ಆವತ್ತೇ ಬಂದು ಹೇಳಿ. ಹಾಗೆನ್ನುತ್ತಲೇ ಅವಳ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು, ನೋಡಿ ಹುಬ್ಬೇರಿಸಿದರು.

"ನಿಮಗೆ ಬಿಪಿ ಇದೆಯಲ್ಲಮ್ಮ. ಉಪ್ಪು ಕಡಿಮೆ ಮಾಡಬೇಕಾದ್ದು ನೀವು."

ಮಂಚದ ಮೇಲೆ ಮಲಗಿದ್ದ ಕೀರ್ತಿಕುಮಾರ ಕಣ್ಣು ತೆರೆಯದೆಯೇ, ತೊದಲುವ ನಾಲಿಗೆಯಲ್ಲೇ ಅಂದ: "ನೋಡವ್ವ. ವೀರಭದ್ರ ಅರ್ಧ ಒಪ್ಕೊಂಡ."

ಶಾಂಭವಿಗೆ ಆಗ ಅಳು ಬಂತು. ಅಳುತ್ತಳುತ್ತ ಅತ್ತೆಯನ್ನು ಬೈದಳು. ನನಗೆ ಒಂದು ಮಾತು ಹೇಳಬಾರದಿತ್ತೇ, ನಾನೇನು ಮೂರನೆಯವಳೇ ಎಂದು ಕೇಳಿದಳು. ಚನ್ನಬಸಮ್ಮ ಸೊಸೆಯ ಕೈಯನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಬಾಟಲಿಯಿಂದ ಉಪ್ಪುನೀರು ಹನಿಹನಿಯಾಗಿ ಇಳಿಯುವುದನ್ನು ಇಬ್ಬರೂ ನೋಡುತ್ತ ಕೂತರು.

ಮನೆಗೆ ಬಂದ ದಿನವೇ ಚನ್ನಬಸಮ್ಮ ದೇವರ ಮುಂದೆ ದೀಪ ಹಚ್ಚಿ, ಮಗನ ಪಾಲಿನದನ್ನೂ ನನ್ನ ಮೇಲೇ ಹಾಕು, ಏನು ತಿರುಗಿಸುವುದಿದ್ದರೂ ನನ್ನ ಕಡೆ ತಿರುಗಿಸು ಎಂದು ಗಟ್ಟಿಯಾಗಿಯೇ ಕೇಳಿಕೊಂಡಳು. ಈಗ ಗುಟ್ಟಿನ ಮಾತೇನೂ ಉಳಿದಿರಲಿಲ್ಲ. ಊಟಕ್ಕೆ ಕೂತಾಗ ಸೌಟನ್ನು ಸೊಸೆಯ ಕಡೆ ಚಾಚಿದಳು.

"ತಗಾ. ಇನ್ಮೇಲೆ ನೀನೇ ಬಡಿಸು."

"ತೊಟ್ಟಿಲಿಂದ ಇಳಿಸಿದ್ರಾ ಅತ್ತೆ?" ಅಂದಳು ಶಾಂಭವಿ.

ಯುಗಾದಿ ಬಂತು. ಕಾಫಿ ಹೂವೆಲ್ಲ ಕಂದಿ ಉದುರಿ, ತೋಟದ ವಾಸನೆ ಇಳಿದಿತ್ತು. ಕೀರ್ತಿಕುಮಾರನ ಗುಳಿಗೆ ಮತ್ತೆ ಶುರುವಾಗಿತ್ತು, ಮೊದಲಿಗಿಂತ ಸಣ್ಣ ಅಳತೆಯಲ್ಲಿ. ನಡಿಗೆ ನೆಟ್ಟಗಾಗಿತ್ತು. ಹೊರಗಿನ ಅಡುಗೆ ಇನ್ನೂ ಒಪ್ಪಿಕೊಂಡಿರಲಿಲ್ಲ. ಹಬ್ಬದ ಅಡುಗೆ ಮಾತ್ರ ನಾನೇ ಎಂದು ಬೆಳಿಗ್ಗೆಯೇ ಒಲೆಯ ಮುಂದೆ ಕೂತಿದ್ದ. ಶಾಂಭವಿ ಅವನ ಹಿಂದೆ ಹೋಳಿಗೆ ಲಟ್ಟಿಸುತ್ತಿದ್ದಳು. ಬೇಳೆ ಬಸಿದ ಕಟ್ಟಿನ ಸಾರು ಕುದಿಯತೊಡಗಿತು. ಅವನು ಬಗ್ಗಿ ಆವಿ ಮೂಸಿದ, ಕಣ್ಣು ಮುಚ್ಚಿ ಒಂದು ಗಳಿಗೆ ಹಾಗೇ ಇದ್ದ.

"ಅವ್ವ, ಉಪ್ಪು ತಾ."

ಚನ್ನಬಸಮ್ಮ ಉಪ್ಪಿನ ಮರಿಗೆಗೆ ಕೈ ಹಾಕಿದಳು. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಮನಸ್ತಾಪ ಬರುತ್ತದೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಅವಳು ಯಾರಿಗೂ ಹಾಗೆ ಕೊಟ್ಟವಳಲ್ಲ. ತಟ್ಟೆಯ ಮೇಲೆ ಇಟ್ಟೇ ಸರಿಸುತ್ತಿದ್ದಳು. ಇವತ್ತು ಹಿಡಿ ತುಂಬಿಕೊಂಡು ಮಗನ ಹತ್ತಿರ ಬಂದಳು. ಅವನು ಅಂಗೈ ಚಾಚಿದ. ಆ ಅಂಗೈಯಲ್ಲಿ ನಿಧಾನವಾಗಿ ಸುರಿದು, ತನ್ನ ಕೈ ಹಿಂದಕ್ಕೆ ತೆಗೆದುಕೊಂಡು ನೋಡುತ್ತ ನಿಂತಳು.

ಕೀರ್ತಿಕುಮಾರನೂ ಬೆರಳು ಮಡಚಲಿಲ್ಲ. ಕಿಟಕಿಯಿಂದ ಬಿದ್ದ ಬಿಸಿಲಿಗೆ ಉಪ್ಪಿನ ಹರಳುಗಳು ಹೊಳೆಯುತ್ತಿದ್ದವು. ಒಂದರ ಮೇಲೊಂದು ಕೂತವು ಕೂತ ಹಾಗೆಯೇ ಇದ್ದವು, ಒಂದೂ ಉದುರಲಿಲ್ಲ.

"ಸಾರು ಉಕ್ತಾ ಐತೆ ಅವ್ವ," ಅಂದ ಅವನು.

"ಒಸಿ ಇರು," ಅಂದಳು ಅವಳು.